ಬಾಲ್ಯದ ಪೆಟ್ಟನ್ನು ಸಿನಿಮಾ ಮಾಡುವಾಗ ಯಾರ ನೆನಪನ್ನು ನಂಬಬೇಕು?

ಬ್ರಹ್ಮಪುರದ ಹುಡುಗ

ಎಲ್ಲರಿಗೂ ನಮಸ್ಕಾರ. ಒಂದು ಶಾರ್ಟ್ ಫಿಲ್ಮ್ ಬರೆಯುತ್ತಿದ್ದೇನೆ, ಇಪ್ಪತ್ತು ನಿಮಿಷದ್ದು. ಶೂಟಿಂಗ್ ಕಲಬುರಗಿ ಸುತ್ತಮುತ್ತಲೇ. ಕಥೆ ನನ್ನದೇ. ಐದನೇ ಕ್ಲಾಸಿನಲ್ಲಿ ಹಾಸ್ಟೆಲ್‌ನಲ್ಲಿದ್ದೆ. ಯಾವ ಹಾಸ್ಟೆಲ್ ಅಂತ ಕೇಳಬೇಡಿ. ಶೇಂಗಾ ಕದ್ದ ಅಂತ ವಾರ್ಡನ್ ನನ್ನನ್ನು ಸಾಮಾನಿನ ಕೋಲಿಯೊಳಗೆ ಹಾಕಿ ಕದ ಮುಚ್ಚಿದರು. ಇಡೀ ರಾತ್ರಿ. ಜೋಳದ ಚೀಲ, ಸೀಮೆಎಣ್ಣೆ ವಾಸನೆ, ಇಲಿ ಓಡಾಡುವ ಸಪ್ಪಳ. ಎಳ್ಳಮಾವಾಸ್ಯೆಯ ಹಿಂದಿನ ದಿನ, ವಿಪರೀತ ಚಳಿ. ಇಷ್ಟನ್ನು ನಂಬಿಕೊಂಡು ಮೊದಲ ಡ್ರಾಫ್ಟ್ ಮುಗಿಸಿದೆ.

ಹೋದ ವಾರ ಆಗಿನ ಗೆಳೆಯ ಸಿಕ್ಕ. ಓದಲು ಕೊಟ್ಟೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಲೇ, ಒಳಗ ಇದ್ದಾಂವ ನಾನು. ನೀ ಹೊರಗ ನಿಂತು ಅಳ್ತಿದ್ದಿ" ಅಂದ. ಚಳಿಗಾಲವೂ ಅಲ್ಲವಂತೆ, ಬೇಸಿಗೆಯಂತೆ, ಬೆವರಿ ಅಂಗಿ ತೊಯ್ದಿತ್ತಂತೆ. ರಾತ್ರಿಯಿಡೀ ಅಲ್ಲ, ಊಟದ ಗಂಟೆ ಹೊಡೆಯುವವರೆಗೆ ಮಾತ್ರ.

ಇವತ್ತಿಗೂ ಲಿಫ್ಟ್ ಹತ್ತೋಕೆ ನನಗೆ ಭಯ. ಆ ಭಯ ಸುಳ್ಳಲ್ಲ. ಈಗ ಯಾವುದನ್ನು ತೆಗೆಯಲಿ? ನನ್ನ ನೆನಪಿನದ್ದಾ, ಅವನದ್ದಾ?

ಗಂಜ್ ಗಲ್ಲಿ

ನಿಮ್ಮದನ್ನೇ ತೆಗೆಯಿರಿ. ಸಿನಿಮಾ ಏನು ಪಂಚನಾಮೆನಾ?

ತೊಗರಿ ಕಣಜ

ಪಂಚನಾಮೆ ಅಲ್ಲ ಸರಿ. ಆದ್ರೆ "ನಿಜ ಘಟನೆ ಆಧಾರಿತ" ಅಂತ ಪರದೆ ಮೇಲೆ ಹಾಕ್ತೀರಲ್ವಾ? ಹಾಗೆ ಹಾಕೋದಾದ್ರೆ ಒಳಗೆ ಇದ್ದವನ ಮಾತಿಗೆ ಬೆಲೆ ಜಾಸ್ತಿ. ಅವನ ರಾತ್ರಿಯನ್ನು ನೀವು ತಗೊಂಡುಬಿಟ್ಟರೆ ಅವನಿಗೆ ಏನು ಉಳಿಯಿತು?

ಹಳೇ ಟಾಕೀಸು

ಬ್ರಹ್ಮಪುರದ ತಮ್ಮಾ, ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳ್ತಿದ್ದ ಕಥೆ ಗೊತ್ತಿದೆಯಾ? ಚಿಕ್ಕವನಿದ್ದಾಗ ಅಪ್ಪ ಒಂದು ಚೀಟಿ ಕೊಟ್ಟು ಪೊಲೀಸ್ ಠಾಣೆಗೆ ಕಳಿಸಿದರಂತೆ. ಪೊಲೀಸಿನವನು ಚೀಟಿ ಓದಿ, ಹುಡುಗನನ್ನು ಕೋಣೆಯೊಳಗೆ ಹಾಕಿ ಬೀಗ ಹಾಕಿದನಂತೆ. ಕೆಲವೇ ನಿಮಿಷ. ತುಂಟ ಮಕ್ಕಳಿಗೆ ಹೀಗೇ ಮಾಡೋದು ಅಂತ ಹೇಳಿ ಬಿಟ್ಟುಬಿಟ್ಟನಂತೆ. ಸಾಯುವವರೆಗೂ ಪೊಲೀಸರನ್ನು ಕಂಡರೆ ಆಗ್ತಿರಲಿಲ್ಲ ಅಂತ ಅವರೇ ಹೇಳ್ಕೊಂಡು ತಿರುಗಿದರು. ತಮಾಷೆ ಅಂದ್ರೆ, ಆಗ ತಮ್ಮ ವಯಸ್ಸು ಎಷ್ಟು ಅನ್ನೋದು ಒಂದೊಂದು ಸಂದರ್ಶನದಲ್ಲಿ ಒಂದೊಂದು. ಆದರೂ ತಪ್ಪು ಮಾಡದವನನ್ನು ಪೊಲೀಸರು ಹಿಡಿಯುವ ಸಿನಿಮಾಗಳನ್ನು ಅವರ ಹಾಗೆ ತೆಗೆದವರು ಯಾರಿದ್ದಾರೆ?

ವಯಸ್ಸು ಬದಲಾಯಿತು, ಬೀಗ ಬದಲಾಗಲಿಲ್ಲ.

ಕಟ್ ಹೇಳಿದವ

ಅದೇ ಹಿಚ್‌ಕಾಕ್ 1945ರಲ್ಲಿ 'ಸ್ಪೆಲ್‌ಬೌಂಡ್' ಮಾಡಿ ನಮಗೆಲ್ಲ ಒಂದು ಕೆಟ್ಟ ಚಾಳಿ ಅಂಟಿಸಿದ್ದು. ಹೀರೋಗೆ ಏನೋ ಕಾಯಿಲೆ. ಕೊನೆಗೆ ಬಾಲ್ಯದ ಒಂದು ಅಪಘಾತ ನೆನಪಾಗುತ್ತದೆ, ತಮ್ಮ ಸತ್ತದ್ದು. ಢಂ ಅಂತ ಎಲ್ಲ ಸರಿ. ಅಲ್ಲಿಂದ ಇವತ್ತಿನ ತನಕ ಅದೇ ಸೂತ್ರ. ಕಪ್ಪು ಬಿಳುಪು ಫ್ಲ್ಯಾಷ್‌ಬ್ಯಾಕ್, ಒಂದು ಕಿರುಚಾಟ, ಹೀರೋಯಿನ್ ತೊಡೆ ಮೇಲೆ ತಲೆ. ನೆನಪು ಬಂತು, ರೋಗ ಹೋಯಿತು.

ಕಲಬುರಗಿಯಲ್ಲಿ ನಾನು ಅಸಿಸ್ಟೆಂಟ್ ಆಗಿ ಕೆಲಸ ಮಾಡಿದ ಶಾರ್ಟ್ ಫಿಲ್ಮುಗಳಲ್ಲಿ ಅರ್ಧಕ್ಕೆ ಅರ್ಧ ಇದೇ. ದಯವಿಟ್ಟು ನೀವೂ ಮಾಡಬೇಡಿ.

ಮನಶಾಸ್ತ್ರ ಎಂ.ಎ.

ನೆನಪು ಅಂದ್ರೆ ಡಬ್ಬಿಯಲ್ಲಿ ಇಟ್ಟ ರೀಲು ಅಲ್ಲ, ಇದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಪ್ರತಿ ಸಲ ನೆನಪಿಸಿಕೊಂಡಾಗ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ. 2000ನೇ ಇಸವಿಯಲ್ಲಿ ಮಿದುಳಿನ ವಿಜ್ಞಾನಿ ಕರೀಂ ನಾಡರ್ ಮತ್ತು ಅವರ ಜೊತೆಯವರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಗಟ್ಟಿಯಾಗಿದ್ದ ಹಳೇ ಭಯದ ನೆನಪು ಕೂಡ, ಮತ್ತೆ ಕೆದಕಿದಾಗ ಸ್ವಲ್ಪ ಹೊತ್ತು ಹಸಿಯಾಗುತ್ತದೆ, ಆ ಹೊತ್ತಿನಲ್ಲಿ ಬದಲಾಗಬಹುದು ಅಂತ ಅದರಲ್ಲಿ ಗೊತ್ತಾಯಿತು.

ಮನಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಹೆಸರು ಕೇಳಿರಬೇಕು. 1995ರಲ್ಲಿ ಅವರೂ ಪಿಕ್‌ರೆಲ್ ಅನ್ನುವವರೂ 24 ಜನರಿಗೆ ಅವರವರ ಬಾಲ್ಯದ ನಾಲ್ಕು ಘಟನೆ ಓದಲು ಕೊಟ್ಟರು. ಮೂರು ನಿಜ. ಒಂದು ಕಟ್ಟುಕಥೆ: ಐದು ವರ್ಷದವರಿದ್ದಾಗ ದೊಡ್ಡ ಅಂಗಡಿಯಲ್ಲಿ ನೀವು ತಪ್ಪಿಸಿಕೊಂಡಿದ್ದಿರಿ, ಅಂತ. ಸುಮಾರು ಕಾಲು ಭಾಗದಷ್ಟು ಜನ ಆ ಸುಳ್ಳನ್ನು ಪೂರ್ತಿಯೋ ಅರೆಬರೆಯೋ "ನೆನಪಿಸಿಕೊಂಡರು".

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2001ರ ಒಂದು ಅಧ್ಯಯನ. ಅವಳಿ ಜವಳಿಗಳ ಮೇಲೆ ಮಾಡಿದ್ದು. ಒಂದೇ ಘಟನೆ, ಇಬ್ಬರೂ "ಅದು ಆದದ್ದು ನನಗೆ" ಅಂತಾರೆ. ಇದು ಹುಚ್ಚಲ್ಲ, ಸುಳ್ಳೂ ಅಲ್ಲ. ಜೊತೆಗೇ ಬೆಳೆದವರಲ್ಲಿ ಆಗುತ್ತದೆ. ಹಾಸ್ಟೆಲ್ ಗೆಳೆಯರು ಅಂದ್ರೆ ಬಹುಪಾಲು ಹಾಗೇ ಅಲ್ವಾ?

ರೊಟ್ಟಿ ಬುಟ್ಟಿ

ಅಕ್ಕಾ, ತಪ್ಪು ತಿಳೀಬೇಡಿ. ಈ ಲಾಫ್ಟಸ್ ಅವರ ಸಂಶೋಧನೆ ಕೋರ್ಟಿನಲ್ಲಿ ಆರೋಪಿಗಳ ಪರವಾಗಿ ಎಷ್ಟು ಸಲ ಬಳಕೆಯಾಗಿದೆ ಅನ್ನೋದನ್ನೂ ಹೇಳಿ. ಅವರೇ ಸಾಕ್ಷಿ ಹೇಳಲು ಹೋಗಿದ್ದಾರೆ. "ನಿನಗೆ ಸರಿಯಾಗಿ ನೆನಪಿಲ್ಲ" ಅನ್ನುವ ಮಾತನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಎಷ್ಟು ಕೇಳಿಲ್ಲ? ನಾನು ಕೇಳಿದ್ದೇನೆ. ದೊಡ್ಡವರಾದ ಮೇಲೆ ಬಾಯಿ ಬಿಟ್ಟರೆ, ಅವತ್ತು ಯಾವ ವಾರ, ಯಾವ ಅಂಗಿ, ಮನೇಲಿ ಯಾರಿದ್ದರು ಅಂತ ಕೇಳ್ತಾರೆ. ಅಂಗಿ ಬಣ್ಣ ತಪ್ಪಿದರೆ ಇಡೀ ಮಾತೇ ಸುಳ್ಳು. ಅಂಗಡಿಯಲ್ಲಿ ತಪ್ಪಿಸಿಕೊಂಡದ್ದಕ್ಕೂ ಮೈಮೇಲೆ ಕೈ ಬಿದ್ದದ್ದಕ್ಕೂ ವ್ಯತ್ಯಾಸ ಇಲ್ವಾ?

ಮನಶಾಸ್ತ್ರ ಎಂ.ಎ.

ಇದೆ. ನೀವು ಹೇಳಿದ್ದು ಸರಿಯೇ. ಸುತ್ತಲಿನ ವಿವರ ಅಳ್ಳಕವಾದರೂ ನಡುವಿನ ಘಟನೆ ಸಾಮಾನ್ಯವಾಗಿ ಗಟ್ಟಿ ಉಳಿಯುತ್ತದೆ. 1976ರಲ್ಲಿ ಅಮೆರಿಕದ ಚೌಚಿಲ್ಲಾ ಅನ್ನುವ ಊರಲ್ಲಿ 26 ಶಾಲಾ ಮಕ್ಕಳನ್ನು ಬಸ್ ಸಮೇತ ಅಪಹರಿಸಿ, ನೆಲದೊಳಗೆ ಹೂತಿಟ್ಟ ಟ್ರಕ್ ಡಬ್ಬಿಯಲ್ಲಿ ಕೂಡಿಹಾಕಿದ್ದರು. ತಾವೇ ಹೊರಗೆ ಬಂದರು. ಆ ಮಕ್ಕಳನ್ನು ವರ್ಷಗಟ್ಟಲೆ ಮಾತನಾಡಿಸಿದವರು ಮನೋವೈದ್ಯೆ ಲೆನೋರ್ ಟೆರ್. ಅಪಹರಣವನ್ನು ಯಾರೂ ಮರೆತಿರಲಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಹಲವರಲ್ಲಿ ಏರುಪೇರು. ಅವತ್ತು ಬೆಳಿಗ್ಗೆಯೇ ತಮಗೆ ಏನೋ ಸೂಚನೆ ಸಿಕ್ಕಿತ್ತು ಅಂತ ಕೆಲವರು ಆಮೇಲೆ ನಂಬತೊಡಗಿದ್ದರು.

ಬ್ರಹ್ಮಪುರದವರೇ, ನಿಮ್ಮ ಎಳ್ಳಮಾವಾಸ್ಯೆಯೂ ಹಾಗೆ ಬಂದು ಸೇರಿಕೊಂಡಿರಬಹುದು. ಎಲ್ಲರೂ ಹೊಲಕ್ಕೆ ಹೋಗುವ ಹಬ್ಬ, ನೀವು ಹಾಸ್ಟೆಲ್‌ನಲ್ಲಿ. ಎರಡು ಬೇರೆ ಬೇರೆ ದುಃಖ ಒಂದೇ ರಾತ್ರಿಯೊಳಗೆ ಕೂತಿರಬಹುದು.

ಶಹಾಪುರ ಸೀಮೆ

ಎಳ್ಳಮಾವಾಸ್ಯೆ ಅಂದ ಕೂಡಲೇ ಭಜ್ಜಿ, ಸಜ್ಜಿ ರೊಟ್ಟಿ ನೆನಪಾಯ್ತು. ಈಗ ಯಾರು ಸಿನಿಮಾ ಬಗ್ಗೆ ಯೋಚಿಸ್ತಾರೆ.

ಬಿದರಿ ಹೂಜಿ

ನಮ್ಮ ಬೀದರಿನ ಝರಣಿ ನರಸಿಂಹ ಗುಡಿ ನೋಡಿದವರಿಗೆ ಗೊತ್ತು. ಗುಹೆಯೊಳಗೆ ಸುಮಾರು 300 ಮೀಟರ್ ನೀರಿನಲ್ಲೇ ನಡೆದು ಹೋಗಬೇಕು. ಮೇಲೆ ಬಾವಲಿ. ನಾನು ಚಿಕ್ಕವನಿದ್ದಾಗ ಕುತ್ತಿಗೆವರೆಗೆ ನೀರಲ್ಲಿ ಒದ್ದಾಡಿದ್ದು, ಬಾಯಿಗೆ ನೀರು ಹೋದದ್ದು ಈಗಲೂ ಕನಸಲ್ಲಿ ಬರುತ್ತದೆ. ಅಪ್ಪ ಹೇಳೋದು ಬೇರೆ. "ಹೋಗುವಾಗ, ಬರುವಾಗ ಎರಡೂ ಸಲ ನನ್ನ ಹೆಗಲ ಮ್ಯಾಲೇ ಇದ್ದಿ. ನಿನ್ನ ಪಾದ ಸುದ್ದಾ ತೊಯ್ದಿಲ್ಲ." ಹಾಗಾದರೆ ಬಾಯಿಗೆ ಹೋದ ನೀರು ಯಾವುದು? ಅವ್ವನನ್ನು ಕೇಳಿದರೆ ಆಕೆ ಮೂರನೇ ಕಥೆ ಹೇಳ್ತಾಳೆ, ಅದರಲ್ಲಿ ನಾನು ಗುಹೆಯೊಳಗೆ ಹೋಗೇ ಇಲ್ಲ!

ಗಂಜ್ ಗಲ್ಲಿ

ಬೀದರ್ ಅಣ್ಣ, ನಿಮ್ಮ ಅವ್ವನ ವರ್ಷನ್ನೇ ಸಿನಿಮಾ ಮಾಡಿ. ಖರ್ಚು ಕಡಿಮೆ.

ಹಳೇ ಟಾಕೀಸು

ವಿಷಯಕ್ಕೆ ಬರೋಣ. ಹೊರಗೆ ನಿಂತವನ ಸಿನಿಮಾ ಅಂದ್ರೆ ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ 1987ರಲ್ಲಿ ಮಾಡಿದ 'ಓ ರೆವ್ವಾರ್ ಲೇ ಆಂಫಾಂ' ನೋಡಲೇಬೇಕು. 1944ರ ಜನವರಿ, ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸ್. ಮಾಲ್ ಆಗ 11 ವರ್ಷದ ಹುಡುಗ, ಕ್ಯಾಥೊಲಿಕ್ ಬೋರ್ಡಿಂಗ್ ಶಾಲೆಯಲ್ಲಿ. ಬೇರೆ ಹೆಸರಿಟ್ಟು ಅಡಗಿಸಿಟ್ಟಿದ್ದ ಮೂವರು ಯಹೂದಿ ಹುಡುಗರನ್ನೂ, ಆಶ್ರಯ ಕೊಟ್ಟ ಪಾದ್ರಿಯನ್ನೂ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹಿಡಿದುಕೊಂಡು ಹೋಯಿತು. ಮಾಲ್ ಮೇಲೆ ಯಾರೂ ಕೈ ಮಾಡಲಿಲ್ಲ. ನೋಡುತ್ತಾ ನಿಂತಿದ್ದರು, ಅಷ್ಟೇ. ಸಿನಿಮಾ ಮಾಡೋಕೆ ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಸಿನಿಮಾದಲ್ಲಿ ಒಂದು ಕ್ಷಣ ಇದೆ. ಗೆಸ್ಟಾಪೊ ಅಧಿಕಾರಿ ಕ್ಲಾಸಿಗೆ ಬಂದು, ಆ ಹುಡುಗ ಯಾರು ಅಂತ ಕೇಳ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಅಧಿಕಾರಿ ಬೆನ್ನು ತಿರುಗಿಸಿದಾಗ ಕಥಾನಾಯಕ ಗೊತ್ತಿಲ್ಲದೆ ಗೆಳೆಯನ ಕಡೆ ಒಮ್ಮೆ ನೋಡಿಬಿಡುತ್ತಾನೆ. ಅಧಿಕಾರಿ ಅದನ್ನು ಹಿಡಿಯುತ್ತಾನೆ. ಮುಗೀತು.

ನಿಜದಲ್ಲಿ ಹಾಗೆ ನಡೆದಿರಲಿಲ್ಲ. ಆ ನೋಟ ಮಾಲ್ ಸೇರಿಸಿದ್ದು. ಇಡೀ ಸಿನಿಮಾ ನಿಂತಿರೋದು ಅದರ ಮೇಲೆ.

ತೊಗರಿ ಕಣಜ

ಅಂದ್ರೆ ಸುಳ್ಳು ಸೇರಿಸಬಹುದು ಅಂತಾಯ್ತಲ್ಲ?

ಹಳೇ ಟಾಕೀಸು

ಸುಳ್ಳು ಯಾವ ಕಡೆ ವಾಲುತ್ತದೆ ನೋಡ್ರಿ. ಮಾಲ್ ತಮ್ಮನ್ನು ಬಲಿಪಶು ಮಾಡಿಕೊಳ್ಳಲಿಲ್ಲ, ತಪ್ಪಿತಸ್ಥ ಮಾಡಿಕೊಂಡರು. ನಲವತ್ತು ವರ್ಷ ಒಳಗೆ ಕೊರೆದದ್ದು ಅದೇ ಇರಬೇಕು. ನಮ್ಮ ಬ್ರಹ್ಮಪುರದ ತಮ್ಮ ಮಾಡಿರೋದು ಅದರ ಉಲ್ಟಾ. ಹೊರಗೆ ನಿಂತಿದ್ದರೆ, ಮನಸ್ಸು ಅವನನ್ನು ಎತ್ತಿ ಒಳಗೆ ಹಾಕಿದೆ. ಹೊರಗೆ ನಿಲ್ಲೋದಕ್ಕಿಂತ ಒಳಗೆ ಇರೋದು ಹಗುರ ಅನಿಸಿರಬೇಕು.

ರೊಟ್ಟಿ ಬುಟ್ಟಿ

ದೀಪಾ ಮೆಹ್ತಾ ಅವರ 'ಅರ್ಥ್' ಕೂಡ ಹಾಗೇ, 1998ರದ್ದು. ಲಾಹೋರಿನ ಪಾರ್ಸಿ ಹುಡುಗಿ ತನ್ನ ಆಯಾ ಎಲ್ಲಿ ಅಡಗಿದ್ದಾಳೆ ಅಂತ ನಂಬಿಕೆಯ ಮನುಷ್ಯನಿಗೆ ಹೇಳಿಬಿಡುತ್ತಾಳೆ. ಕಥೆ ಹೇಳುವ ದನಿ ದೊಡ್ಡವಳಾದ ಅದೇ ಹುಡುಗಿಯದು. ದೇಶ ಎರಡಾಯಿತು, ಲಕ್ಷಗಟ್ಟಲೆ ಜನ ಸತ್ತರು. ಆ ಮಗುವಿಗೆ ಮಾತ್ರ ಎಲ್ಲ ತನ್ನ ಒಂದು ಮಾತಿನಿಂದಲೇ ಆಯಿತು ಅಂತ. ಮಕ್ಕಳು ಹಾಗೇ, ಅಪ್ಪ ಅಮ್ಮ ಜಗಳ ಆಡಿದರೂ ತಾವೇ ಕಾರಣ ಅಂದುಕೊಳ್ಳುತ್ತವೆ.

ಆಳಂದ ನಾಕಾ

ನಮ್ಮ ಮುತ್ಯಾ ಹುಟ್ಟಿದ್ದು 1946ರಲ್ಲಿ. ಆದರೂ ನಿಜಾಮನ ಪರ ಇದ್ದ ರಜಾಕಾರರು ಊರಿಗೆ ಬಂದದ್ದು, 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಸೀಮೆಗೆ ಭಾರತದ ಮಿಲಿಟರಿ ಬಂದದ್ದು, ಎಲ್ಲವನ್ನೂ ಕಣ್ಣಾರೆ ಕಂಡವರ ಹಾಗೆ ಹೇಳ್ತಾರೆ. ಕಣಜದೊಳಗೆ ಅಡಗಿದ್ದೆ, ಅವ್ವ ಬಾಯಿಗೆ ಸೆರಗು ತುರುಕಿದ್ದಳು ಅಂತಾರೆ. ಎರಡು ವರ್ಷದ ಕೂಸಿಗೆ ಹೇಗೆ ನೆನಪಿರುತ್ತೆ?

ಮನಶಾಸ್ತ್ರ ಎಂ.ಎ.

ಇರೋದಿಲ್ಲ. ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಹಿಂದಿನದ್ದು ದೊಡ್ಡವರಾದ ಮೇಲೆ ನೆನಪಿಗೆ ಬರೋದಿಲ್ಲ. ಅದು ಅವರ ಅವ್ವನ ನೆನಪು, ಕೇಳಿ ಕೇಳಿ ಅವರದ್ದಾಗಿದೆ. ಆದ್ರೆ ಸೆರಗಿನ ವಿವರ ಯಾರೋ ಒಬ್ಬರು ಅನುಭವಿಸಿದ್ದೇ ಇರಬೇಕು.

ಬಿದರಿ ಹೂಜಿ

ಪಕ್ಕದ ಮುಸ್ಲಿಮರ ಓಣಿಗೆ ಹೋಗಿ ಕೇಳಿದರೆ ಅಲ್ಲಿನ ಮುತ್ಯಾಗಳು ಆ ಮಿಲಿಟರಿ ಬಂದ 'ಪೊಲೀಸ್ ಕಾರ್ಯಾಚರಣೆ' ಆದ ಮೇಲಿನ ದಿನಗಳ ಭಯ ಹೇಳ್ತಾರೆ. ಆಗಿನ ಹಿಂಸೆ ನೋಡಿ ಬರಲು ಕೇಂದ್ರ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿಯ ವರದಿ ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡನ್ನೂ ಹೆಸರಿಸಿದೆ. ಕಣಜದಲ್ಲಿ ಅಡಗಿದ ಮಕ್ಕಳು ಎರಡೂ ಓಣಿಯಲ್ಲಿದ್ದರು. ಸಿನಿಮಾ ಮಾಡುವವರು ಒಂದೇ ಓಣಿಗೆ ಕ್ಯಾಮೆರಾ ಇಡ್ತಾರೆ, ಅದೇ ನನ್ನ ತಕರಾರು.

ಶಹಾಪುರ ಸೀಮೆ

ಅದು ಬೇಕಂತಲೇ ಇಡೋದು ಸರ. ಒಂದೇ ಓಣಿ ಆದ್ರೆ ಟಿಕೆಟ್ ಹೋಗುತ್ತೆ.

ನಿರ್ವಾಹಕ

1948ಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಹಾಸ್ಟೆಲ್ ಕೋಲಿ ಮಾತ್ರ.

ಕಟ್ ಹೇಳಿದವ

ಬ್ರಹ್ಮಪುರದ ಹುಡುಗ, ಒಂದು ಪ್ರಶ್ನೆ. ಕಣ್ಣು ಮುಚ್ಚಿ ಆ ರಾತ್ರಿ ನೆನಪಿಸಿಕೊಳ್ಳಿ. ಕದ ಕಾಣುತ್ತಾ? ಯಾವ ಕಡೆಯಿಂದ ಕಾಣುತ್ತೆ?

ಬ್ರಹ್ಮಪುರದ ಹುಡುಗ

ಕಾಣುತ್ತದೆ. ಹಸಿರು ಬಣ್ಣದ ಕದ, ಕೆಳಗೆ ಬಣ್ಣ ಕಿತ್ತುಹೋಗಿದೆ. ಕಬ್ಬಿಣದ ಕೊಂಡಿ. ಕೊಂಡಿಗೆ ಬೀಗ ಇಲ್ಲ, ಒಂದು ಚಮಚದ ಹಿಡಿ ಸಿಕ್ಕಿಸಿದ್ದಾರೆ. ಅದು ಸ್ವಲ್ಪ ಬಾಗಿದೆ.

ಕಟ್ ಹೇಳಿದವ

ಒಳಗಿದ್ದವನಿಗೆ ಹೊರಗಿನ ಕೊಂಡಿ ಹೇಗೆ ಕಂಡಿತು?

ಗಂಜ್ ಗಲ್ಲಿ

ಅಯ್ಯೋ.

ಮನಶಾಸ್ತ್ರ ಎಂ.ಎ.

ತಡೀರಿ, ಪತ್ತೇದಾರಿ ಬೇಡ. ಹೊರಗಿನಿಂದ ಕಂಡಿತು ಅಂದ ಮಾತ್ರಕ್ಕೆ ಹೊರಗೆ ಇದ್ದರು ಅಂತ ಆಗೋದಿಲ್ಲ. ಹಳೇ ನೆನಪುಗಳಲ್ಲಿ ನಾವು ನಮ್ಮನ್ನೇ ದೂರದಿಂದ ನೋಡೋದು ತುಂಬಾ ಮಾಮೂಲು. 1983ರಲ್ಲೇ ಜಾರ್ಜಿಯಾ ನೈಗ್ರೋ ಮತ್ತು ಉಲ್ರಿಕ್ ನೈಸರ್ ಅನ್ನುವ ಇಬ್ಬರು ಮನಶಾಸ್ತ್ರಜ್ಞರು ಇದರ ಮೇಲೆ ಬರೆದಿದ್ದಾರೆ. ಭಯದ ಘಟನೆ ಆದ್ರೆ ಕೆಲವರು ಬೇಕಂತಲೇ ದೂರ ನಿಂತು ನೋಡ್ತಾರೆ, ಒಳಗಿನಿಂದ ನೋಡಿದರೆ ತಡೆಯೋಕೆ ಆಗಲ್ಲ ಅಂತ. ಆ ಕದವನ್ನು ಬೇರೆ ದಿನ ಹಗಲಿನಲ್ಲಿ ಹತ್ತಾರು ಸಲ ನೋಡಿರುತ್ತಾರೆ. ಕೊಂಡಿ ಅಲ್ಲಿಂದ ಬಂದಿರಬಹುದು.

ಕಟ್ ಹೇಳಿದವ

ಕೊಂಡಿ ಹಗಲಲ್ಲಿ ನೋಡಿದ್ದು ಸರಿ ಅಕ್ಕ. ಬಾಗಿದ ಚಮಚ?

ಬ್ರಹ್ಮಪುರದ ಹುಡುಗ

ಗೆಳೆಯನಿಗೆ ಈಗಷ್ಟೇ ಫೋನ್ ಮಾಡಿದೆ. ಚಮಚದ ವಿಷಯ ಅವನಿಗೆ ಗೊತ್ತೇ ಇಲ್ಲ. ಬೀಗ ಹಾಕಿದ್ದರು ಅಂತ ಅವನು ಇಷ್ಟು ವರ್ಷ ಅಂದುಕೊಂಡಿದ್ದ. "ಚಮಚ ಇತ್ತು ಅಂದ್ರ ನೀ ಯಾಕ ತೆಗೀಲಿಲ್ಲಪ?" ಅಂತ ಕೇಳಿದ.

ರೊಟ್ಟಿ ಬುಟ್ಟಿ

ಹತ್ತು ವರ್ಷದ ಹುಡುಗ, ವಾರ್ಡನ್ ಭಯ ಬೇರೆ. ಯಾರು ತೆಗೀತಿದ್ದರು? ನಾನಾದ್ರೂ ತೆಗೀತಿರಲಿಲ್ಲ. ಸೀಮೆಎಣ್ಣೆ ವಾಸನೆ, ಇಲಿ ಸಪ್ಪಳ ಎಲ್ಲ ಕದದ ಸಂದಿಯಿಂದಲೂ ಬರುತ್ತೆ. ನೀವು ಹೊರಗೇ ಇದ್ದಿರಿ ಅಂತ ಇಟ್ಟುಕೊಂಡರೂ, ಹೆದರಿದ್ದು ಇಬ್ಬರೂ. ತಪ್ಪು ವಾರ್ಡನ್‌ದು. ಅದನ್ನು ನೀವಿಬ್ಬರು ಹಂಚಿಕೊಂಡು ಹೊರೋದು ಯಾಕೆ?

ತೊಗರಿ ಕಣಜ

ಈಗ ನನಗೆ ಈ ಸಿನಿಮಾ ನೋಡಬೇಕು ಅನಿಸ್ತಿದೆ. ಮೊದಲ ಪೋಸ್ಟ್ ಓದಿದಾಗ ಅನಿಸಿರಲಿಲ್ಲ.

ಹಳೇ ಟಾಕೀಸು

ಕನ್ನಡದಲ್ಲಿ ಇದರ ದಾರಿ ಹಾಕಿಕೊಟ್ಟವರು ಗಿರೀಶ ಕಾಸರವಳ್ಳಿ. 1977ರ 'ಘಟಶ್ರಾದ್ಧ'. ಗುರುಗಳ ವಿಧವೆ ಮಗಳು ಯಮುನಕ್ಕನಿಗೆ ಏನಾಗುತ್ತಿದೆ ಅಂತ ವೇದ ಕಲಿಯಲು ಬಂದ ನಾಣಿಗೆ ಅರ್ಧಂಬರ್ಧ ಗೊತ್ತು. ನಮಗೂ ಅವನ ಅಳತೆಯಲ್ಲೇ ಸಿಗುತ್ತದೆ. ಕೊನೆಗೆ ಅಪ್ಪ ಬಂದು ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿದ ಯಮುನಕ್ಕ ಕೂತಿರುವುದನ್ನು ನೋಡುತ್ತಾನೆ. ನೋಡೋದು ಬಿಟ್ಟು ಆ ಹುಡುಗ ಏನೂ ಮಾಡಲಾರ. ಅನಂತಮೂರ್ತಿಯವರ ಕಥೆಯನ್ನು ಹೇಳುವವನೂ ಆ ಹುಡುಗನೇ. ನಾಣಿ ದೊಡ್ಡವನಾಗಿ ಹೇಗಿದ್ದಾನೆ, ಮನೋವೈದ್ಯರ ಹತ್ತಿರ ಹೋದನಾ ಅಂತೆಲ್ಲ ತೋರಿಸಲೇ ಇಲ್ಲ ನೋಡಿ. ಒಳ್ಳೇದಾಯ್ತು.

ಶಹಾಪುರ ಸೀಮೆ

ನನಗೆ ಇಷ್ಟ ಆಗೋದು ಮರಾಠಿಯ 'ಫಂಡ್ರಿ'. ನಾಗರಾಜ ಮಂಜುಳೆ ಸೋಲಾಪುರ ಜಿಲ್ಲೆಯವರು, ನಮಗೆ ಪಕ್ಕದವರೇ. ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ ಕೊನೆಗೆ ಎಸೆಯುವ ಕಲ್ಲು ನೇರ ಕ್ಯಾಮೆರಾಗೆ ಬರುತ್ತದೆ. ನೋಡುತ್ತಾ ಕೂತವರಿಗೇ ಪೆಟ್ಟು. ಎಲ್ಲದಕ್ಕೂ ಮೆತ್ತಗಿನ ನೆನಪು, ಮಬ್ಬು ಬೆಳಕು ಬೇಕಿಲ್ಲ ಅಂತ ನನ್ನ ವಾದ. ಕೆಲವರ ಬಾಲ್ಯ ನೆನಪಾಗಿಯೇ ಇಲ್ಲ, ಇವತ್ತೂ ನಡೀತಿದೆ.

ಬ್ರಹ್ಮಪುರದ ಹುಡುಗ

ಶಹಾಪುರದವರ ಮಾತು ಒಪ್ಪುತ್ತೇನೆ. ಎರಡನೇ ಡ್ರಾಫ್ಟ್ ಶುರು ಮಾಡಿದೆ. ಕ್ಯಾಮೆರಾ ಒಳಗೆ ಹೋಗೋದಿಲ್ಲ. ಇಡೀ ರಾತ್ರಿ ಕದದ ಈಚೆ. ಒಳಗಿನದ್ದು ಸದ್ದು ಮಾತ್ರ. ಆಮೇಲೆ ಇಬ್ಬರೂ ದೊಡ್ಡವರಾಗಿ ಚಹಾ ಅಂಗಡಿಯಲ್ಲಿ ಕೂತು, ಚಳಿಯಿತ್ತು, ಇಲ್ಲ ಸೆಕೆಯಿತ್ತು ಅಂತ ಜಗಳ ಆಡ್ತಾರೆ. ಯಾರು ಸರಿ ಅಂತ ಹೇಳೋದಿಲ್ಲ. ಗೆಳೆಯ ಒಪ್ಪಿದ್ದಾನೆ, ತನ್ನ ಪಾತ್ರದ ಹೆಸರು ಬದಲಿಸು ಅಂದ. ಆದರೆ ಹುಡುಗರ ಪಾತ್ರಕ್ಕೆ ನಿಜವಾದ ಹುಡುಗರು ಬೇಕಲ್ಲ. ಅಲ್ಲೇ ತಲೆಬಿಸಿ.

ಮನಶಾಸ್ತ್ರ ಎಂ.ಎ.

ಅದನ್ನೇ ಕೇಳೋಣ ಅಂತಿದ್ದೆ. ದಯವಿಟ್ಟು ಆ ಹುಡುಗನನ್ನು ನಿಜವಾಗಿ ಕೋಲಿಯೊಳಗೆ ಹಾಕಿ ಕದ ಮುಚ್ಚಬೇಡಿ. "ಒರಿಜಿನಲ್ ಅಳು ಬರಲಿ" ಅಂತ ಮಗುವಿಗೆ ಹೇಳದೆ ಹೆದರಿಸಿ ಶಾಟ್ ತೆಗೆಯುವವರು ಇದ್ದಾರೆ. ಮೂವತ್ತು ವರ್ಷ ಆದ ಮೇಲೆ ಆ ಹುಡುಗ ಬಂದು ಇಲ್ಲೇ ಪೋಸ್ಟ್ ಹಾಕುತ್ತಾನೆ.

ಕಟ್ ಹೇಳಿದವ

ಕಾನೂನೂ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ಮಗು ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವ ಹಾಗಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದುಡಿಮೆಯ ಕನಿಷ್ಠ 20 ಪರ್ಸೆಂಟ್ ಮಗುವಿನ ಹೆಸರಲ್ಲಿ ಎಫ್‌ಡಿ ಇಡಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ಮಾಡಿಸುವಂತಿಲ್ಲ. ಶಾರ್ಟ್ ಫಿಲ್ಮ್ ತಾನೇ ಅಂತ ಯಾರೂ ಕೇಳಲ್ಲ ಅನ್ನೋದು ಬೇರೆ ಮಾತು, ನೀವು ಕೇಳಿಕೊಳ್ಳಿ. ಒಳಗಿನ ಅಳು ಡಬ್ಬಿಂಗ್‌ನಲ್ಲಿ ದೊಡ್ಡವರ ಹತ್ತಿರ ಮಾಡಿಸಬಹುದು, ಗೊತ್ತಾಗಲ್ಲ.

ಇನ್ನೊಂದು, ಏಪ್ರಿಲ್ ಮೇನಲ್ಲಿ ಇಟ್ಕೋಬೇಡಿ. ನಮ್ಮ ಬಿಸಿಲು ಗೊತ್ತಲ್ಲ, ತಗಡಿನ ಶೆಡ್ಡಿನಲ್ಲಿ ಲೈಟ್ ಬೇರೆ ಹಾಕಿದರೆ ಮಕ್ಕಳ ಗತಿ ಮುಗೀತು.

ರೊಟ್ಟಿ ಬುಟ್ಟಿ

ಓದ್ತಾ ಓದ್ತಾ ಯಾರಿಗಾದ್ರೂ ಹಳೇದು ಎದ್ದು ಬಂದು ನಿದ್ದೆ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಆಳಂದ ನಾಕಾ

ಲೊಕೇಶನ್ ಬೇಕಾದ್ರೆ ನಮ್ಮ ಕಾಕಾನ ಹಳೇ ವಾಡೆ ಖಾಲಿ ಇದೆ. ದಪ್ಪ ಮಣ್ಣಿನ ಗೋಡೆ, ಒಳಗೆ ಕಾಳಿನ ಕೋಲಿ, ಕದಕ್ಕೆ ಕೊಂಡಿಯೂ ಇದೆ. ಬಾಡಿಗೆ ಬೇಡ, ಊಟ ನಿಮ್ಮದು. ಕರೆಂಟ್ ಮಾತ್ರ ನಂಬಬೇಡಿ, ಜನರೇಟರ್ ತನ್ನಿ.

ಬ್ರಹ್ಮಪುರದ ಹುಡುಗ

ಆಳಂದ ಅಣ್ಣ, ತುಂಬಾ ಥ್ಯಾಂಕ್ಸ್. ಫೋಟೋ ಇದ್ರೆ ಇನ್‌ಬಾಕ್ಸ್‌ಗೆ ಹಾಕಿ. ಕದ ಯಾವ ಬಣ್ಣ?

ಆಳಂದ ನಾಕಾ

ನೀಲಿ. ಹಸಿರು ಬಳಿಯೋಕೆ ಕಾಕಾ ಒಪ್ಪಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.